ಸಣ್ಣತಾಯಿ ಉಜ್ಜಿದ ಹಾಸುಗಲ್ಲು

ಹೆಬ್ಬಂಡೆಪುರ ಅಂತ ಒಂದೂರು. ಅಂಥ ಊರೇ ಇಲ್ಲ ಅನ್ನೋರು ಎದ್ದು ಹೋಗಿ ಹುಡುಕ್ಕೊಂಡು ಬರ್ಲಿ, ಬರೋತನಕ ನಾನು ಎಲೆ ಮೆಲ್ಕೊಂಡು ಇಲ್ಲೇ ಕೂತಿರ್ತೀನಿ. ಕತೆ ಬೇಕು ಅನ್ನೋರು ಮಾತ್ರ ಇತ್ತ ಜರುಗಿ.

ಆ ಊರಲ್ಲಿ ಕಲ್ಲು ಕೆಲಸದ ಮನೆ ಎರಡು. ನಡುವೆ ಒಂದೇ ಗೋಡೆ. ಆಚೆ ಮನೇಲಿ ಗೌರಮ್ಮ, ಈಚೆ ಮನೇಲಿ ಅವಳ ಮೈದುನನ ಹೆಂಡ್ತಿ ಸಣ್ಣತಾಯಿ. ವಾರಗಿತ್ತಿಯರು. ಗೌರಮ್ಮನಿಗೆ ಗಂಡ ಇದ್ದ, ಸಣ್ಣತಾಯಿಗೆ ಇರ್ಲಿಲ್ಲ. ಗೌರಮ್ಮನ ಮಗ ರುದ್ರ ಚುರುಕು, ನಾಲ್ಕಕ್ಷರ ಓದಿದೋನು. ಸಣ್ಣತಾಯಿ ಮಗ ಚೆನ್ನಿಗ. ಅವನು ಎಂಥೋನು ಅಂತ ಒಂದು ಮಾತಲ್ಲಿ ಹೇಳೋಕಾಗಲ್ಲ, ಅದಕ್ಕೇ ಕತೆ ಹೇಳ್ತಿರೋದು.

ಚೆನ್ನಿಗನಿಗೆ ಮೀಸೆ ಬಂದು ಎಷ್ಟೋ ಕಾಲ ಆಗಿತ್ತು. ತೋಳಲ್ಲಿ ಕಸುವಿತ್ತು. ಸೋಮಾರಿ ಅಲ್ಲ, ಸುಳ್ಳುಗಾರ ಅಲ್ಲ. ಗೆರೆ ಎಳೆದು ಕೊಟ್ರೆ ಗೆರೆ ತಪ್ಪದೆ ಉಳಿ ಹೊಡೆಯೋನು. ಅವ್ವನ ಮಾತು ಅಂದ್ರೆ ಅವನಿಗೆ ದೇವರ ಮಾತು. ಕಷ್ಟ ಏನಪ್ಪಾ ಅಂದ್ರೆ, ಇವತ್ತು ಹೇಳಿದ್ದನ್ನ ನಾಳೆ ಮಾಡೋನು, ನಾಳೆ ಹೇಳಿದ್ದನ್ನ ನಾಡಿದ್ದು ಮಾಡೋನು. "ನನ್ನ ಹೊಟ್ಟೇಲಿ ಇಂಥದ್ದು ಯಾಕಾದ್ರೂ ಹುಟ್ಟಿತೋ" ಅಂತ ಸಣ್ಣತಾಯಿ ಹಣೆ ಬಡ್ಕೊಳೋಳು. ಗೋಡೆ ಆಚೆಯಿಂದ ಗೌರಮ್ಮ ಕೆಮ್ಮೋಳು. ಅದು ಕೆಮ್ಮಲ್ಲ, ನಗು, ಅಂತ ಸಣ್ಣತಾಯಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಆ ಮನೆಗಳ ಕೆಲಸ ಏನು ಅಂತ ಹೇಳ್ಬೇಕು. ಪ್ಯಾಟೆ ಕಾಲೇಜಿನ ಪ್ರಯೋಗಶಾಲೇಲಿ ಗಾಜಿನ ಪೆಟ್ಟಿಗೆ ಒಳಗೆ ಒಂದು ತಕ್ಕಡಿ ಇರ್ತದೆ. ಒಂದು ಕೂದಲೆಳೆ ಹಾಕಿದ್ರೂ ತೂಕ ತೋರಿಸೋ ತಕ್ಕಡಿ. ಅದನ್ನ ಮರದ ಮೇಜಿನ ಮೇಲಿಟ್ರೆ ಪಕ್ಕದಲ್ಲಿ ಯಾರೋ ಕೆಮ್ಮಿದ್ರೂ ಅದರ ಮುಳ್ಳು ಕುಣೀತದೆ. ಅದಕ್ಕೇ ಇಟ್ಟಿಗೆ ಕಂಬದ ಮೇಲೆ ದಪ್ಪನೆ ಕರಿಕಲ್ಲಿನ ಹಾಸು ಕೂರಿಸ್ತಾರೆ. ಆ ಹಾಸು ಅಲುಗಬಾರದು, ಎಲ್ಲೂ ಉಬ್ಬಬಾರದು, ಎಲ್ಲೂ ತಗ್ಗಬಾರದು. ಅಂಥ ಹಾಸು ಮಾಡೋರು ಆ ಸೀಮೆಗೆಲ್ಲ ಈ ಎರಡೇ ಮನೆಯೋರು.

ಮಾಡೋದು ಹೆಂಗೆ? ಅಂಗಳದ ನಡುವೆ ಒಂದು ತಾಯಿಕಲ್ಲು ಇತ್ತು, ಹಿರಿಯರ ಕಾಲದ್ದು, ಬಲು ಸಪಾಟು. ಅದರ ಮೇಲೆ ಕಾವಿ ಬಳಿಯೋದು. ಹೊಸ ಹಾಸನ್ನ ಅದರ ಮೇಲೆ ಬೋರಲು ಹಾಕಿ ಎತ್ತೋದು. ಎಲ್ಲಿ ಕೆಂಪು ಹತ್ತಿತೋ ಅಲ್ಲಿ ಉಬ್ಬು. ಆ ಕೆಂಪಿದ್ದ ಕಡೆ ಮರಳು ಹಾಕಿ ಉಜ್ಜೋದು. ಮತ್ತೆ ಕಾವಿ, ಮತ್ತೆ ಉಜ್ಜು. ಹಾಸು ಪೂರಾ ಒಂದೇ ಸಮ ಕೆಂಪಾಗೋ ದಿವಸ ಕೆಲಸ ಮುಗೀತು. ಕಲ್ಲು ಕಡಿಯೋದು ಗಂಡಸು, ಉಜ್ಜೋದು ಹೆಂಗಸು. ಅದಕ್ಕೇ ಕಾಲೇಜಿನೋರು ಒಪ್ಪಿಕೊಂಡ ಮೇಲೆ ಹಾಸಿನ ಅಂಚಲ್ಲಿ ಉಜ್ಜಿದ ಹೆಂಗಸಿನ ಹೆಸರು ಕೊರೆಯೋದು ಅಲ್ಲಿನ ಪದ್ಧತಿ.

ಗೌರಮ್ಮನ ಹೆಸರು ಊರೂರ ಕಾಲೇಜಲ್ಲಿ ಕೂತಿತ್ತು. ಸಣ್ಣತಾಯಿ ಹೆಸರು ಎಲ್ಲೂ ಇಲ್ಲ. ಒಂದು ಹಾಸೂ ಉಜ್ಜಿ ಮುಗಿಸೋದ್ರೊಳಗೆ ಅವಳ ಗಂಡ ಹೋದ, ಆಮೇಲೆ ಅವಳ ಕೈಲಿ ಯಾರೂ ಹಾಸು ಮಾಡಿಸಿರ್ಲಿಲ್ಲ.

"ಸಣ್ಣಿ, ಇನ್ನೊಂದು ಕಾಲೇಜಲ್ಲಿ ನನ್ನ ಹೆಸರು ಕೂತಿತಂತೆ ಕಣೆ" ಅನ್ನೋಳು ಗೌರಮ್ಮ, ಕೊಡ ಸೊಂಟಕ್ಕೆ ಇಟ್ಕೊಂಡು. "ನನಗೇನು ಅದರ ಆಸೆ ಇಲ್ಲ. ನಿನಗೆ ಹೇಳಿದೆ ಅಷ್ಟೆ."

"ಒಳ್ಳೇದಾಯ್ತಲ್ಲ ಅಕ್ಕ" ಅನ್ನೋಳು ಸಣ್ಣತಾಯಿ. ಅಂದು ಒಳಕ್ಕೆ ಬಂದು ಬಾಗಿಲು ಹಾಕೊಳೋಳು. ಒಲೆಗೆ ಒಣಮೆಣಸಿನಕಾಯಿ ಬಿದ್ದಂಗೆ ಹೊಟ್ಟೆ ಒಳಗೆ ಘಾಟು. ಗಂಡ, ಚುರುಕು ಮಗ, ಹೆಸರು, ಹಣೆ ಮೇಲಿನ ಅಗಲ ಕುಂಕುಮ, ಎಲ್ಲ ಆ ಗೌರಿಗೇ. ನನಗೇನಿದೆ? ಹಿಂಗೆ ಅಂದ್ಕೊಂಡು ಅಂದ್ಕೊಂಡು ಸಣ್ಣತಾಯಿ ಒಣಗಿ ಸೊರಗಿ ಹೋಗಿದ್ಲು.

ಹಿಂಗಿರೋವಾಗ ಪ್ಯಾಟೆ ಕಾಲೇಜಿಂದ ಶೇಷಗಿರಿ ಮೇಷ್ಟ್ರು ಬಂದ್ರು. ಎರಡೂ ಮನೆ ಹೆಂಗಸರನ್ನ ಅಂಗಳಕ್ಕೆ ಕರೆದ್ರು.

"ನಮಗೆ ಹೊಸ ತಕ್ಕಡಿ ಬಂದಿದೆ, ಬಹಳ ಸೂಕ್ಷ್ಮ. ಮನೆಗೊಂದು ಹಾಸು ಮಾಡಿ. ಯಾವುದು ಹೆಚ್ಚು ಸಪಾಟೋ ಅದರ ಮೇಲೆ ತಕ್ಕಡಿ. ಇನ್ನೊಂದನ್ನ ಕಿಟಕಿ ಹತ್ರ ಸಣ್ಣಪುಟ್ಟ ಸಾಮಾನಿಗೆ ಹಾಕೋತೀವಿ" ಅಂದ್ರು.

ಸಣ್ಣತಾಯಿ ಮನಸಲ್ಲೇ ಲೆಕ್ಕ ಹಾಕಿದ್ಲು. ಹೆಸರು ಕೂತ್ರೆ ತಕ್ಕಡಿ ಕೆಳಗೇ ಕೂರಬೇಕು, ಗೌರಮ್ಮನದು ಕಿಟಕಿ ಹತ್ರ ಹೋಗ್ಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ಚೆನ್ನಿಗ ಕಲ್ಲು ಕಡಿದು ಕೊಟ್ಟ. ಗೆರೆ ಎಳೆದು ಕೊಟ್ಟಿದ್ಲಲ್ಲ, ಚೆನ್ನಾಗೇ ಕಡಿದ. ಆಮೇಲೆ ಅವಳು ಅವನ ಕೈಗೆ ಜರಡಿ ಕೊಟ್ಲು.

"ಲೋ ಮಗ, ಹಳ್ಳಕ್ಕೆ ಹೋಗಿ ಮರಳು ಜರಡಿ ಹಿಡಿದು ತಗಂಬಾ. ನುಣ್ಣಗಿರ್ಲಿ."

"ಆಯ್ತು ಕಣವ್ವ."

ಹೋದ. ಜರಡಿ ತುಂಬ ಮರಳು ತುಂಬಿದ. ಜರಡೀನ ಕೈಲಿ ಹಿಡ್ಕೊಂಡು ಆಡಿಸ್ತಾ ಆಡಿಸ್ತಾ ಮನೆಗೆ ಬಂದ. ನುಣ್ಣನೆ ಮರಳೆಲ್ಲ ದಾರಿ ಉದ್ದಕ್ಕೂ ಉದುರಿ ಹೋಗಿ ಜರಡೀಲಿ ಬರೀ ಗರಸು ಉಳಿದಿತ್ತು.

"ಎಲ್ಲೋ ಮರಳು?"

"ಜರಡಿ ಹಿಡಿದು ತಂದೆ ಕಣವ್ವ. ನುಣ್ಣಂದು ದಾರೀಲಿದೆ."

ಗೋಡೆ ಆಚೆ ಗೌರಮ್ಮ ಕೆಮ್ಮಿದ್ಲು. ಸಣ್ಣತಾಯಿಗೆ ಮೈಯೆಲ್ಲ ಉರಿ.

"ನಿನ್ನ ತಲೇಲಿ ಏನು ತುಂಬಿದೆಯೋ? ಅಂಥದ್ದನ್ನ ಪಂಚೇಲಿ ಗಂಟು ಕಟ್ಟಿ ತಲೆ ಮೇಲೆ ಹೊತ್ಕೊಂಡು ಬರ್ಬೇಕು."

"ಮೊದಲೇ ಹೇಳೋದಲ್ವ ಅವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಮರಳನ್ನ ಅವಳೇ ಹೋಗಿ ತಂದ್ಲು. ಕಾವಿ ಬೇಕಲ್ಲ? ಕುಂಬಾರಗೇರೀಲಿ ಒಳ್ಳೇ ಕಾವಿ ಕಲಸಿ ಇಟ್ಟಿರ್ತಾರೆ. "ಹೋಗಿ ಒಂದಿಷ್ಟು ತಗಂಬಾ" ಅಂತ ಚೆನ್ನಿಗನ್ನ ಕಳಿಸಿದ್ಲು. ಅವನು ಹೋದ, ಮಜ್ಜಿಗೆಯಷ್ಟು ತೆಳ್ಳಗಿರೋ ಕಾವೀನ ಪಂಚೇಲಿ ಸುರಿಸಿಕೊಂಡ, ಗಂಟು ಕಟ್ಟಿದ, ತಲೆ ಮೇಲೆ ಇಟ್ಕೊಂಡ, ಹೊರಟ.

ಕೇರಿ ತಿರುವಿಗೆ ಬರೋ ಹೊತ್ತಿಗೆ ಕಿವಿ ಮೇಲೆ ಕೆಂಪು, ಕೆನ್ನೆ ಮೇಲೆ ಕೆಂಪು, ಎದೆ ಮೇಲೆ ಕೆಂಪು. ನೀರಿಗೆ ಹೋಗೋ ಹೆಂಗಸರು ಕೊಡ ಬಿಟ್ಟು ಕೂಗಿಕೊಂಡ್ರು. "ಸಣ್ಣತಾಯಿ ಮಗನ ತಲೆ ಒಡೆದೋಯ್ತು, ಬರ್ರಪ್ಪೋ!" ಊರೆಲ್ಲ ಓಡಿ ಬಂತು. ಗೌರಮ್ಮನ ಗಂಡ ಹೆಗಲ ಟವೆಲಿನಿಂದ ತಲೆ ಬಿಗಿದು ಕಟ್ಟಿದ. ಚೆನ್ನಿಗ ಕಟ್ಟಿಸಿಕೊಂಡ, ಯಾಕೆ ಅಂತ ಕೇಳಲಿಲ್ಲ. ಹಿಂಗೆ ಮೆರವಣಿಗೇಲಿ ಮನೆಗೆ ಬಂದ.

ಸಣ್ಣತಾಯಿ ಎದೆ ಒಡ್ಕೊಂಡು ಹೊರಗೆ ಓಡಿ ಬಂದು, ಮಗನ ತಲೆ ತಡವಿ, ಕೈ ಮೂಸಿ ನೋಡಿದ್ಲು. ಮಣ್ಣಿನ ವಾಸನೆ. ಅಷ್ಟು ಜನದ ಎದುರು ಗೌರಮ್ಮ ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು ನಿಂತಿದ್ಲು. ನಗೋದಾದ್ರೆ ನಗಬಾರದೇ, ಸೆರಗು ಯಾಕೆ ಅಡ್ಡ?

"ಅಯ್ಯೋ ಪೆದ್ದ ನನ್ಮಗನೆ, ತೆಳ್ಳಗಿರೋದನ್ನ ಪಾತ್ರೇಲಿಟ್ಟು, ಮೇಲೆ ಮುಚ್ಚಿ, ತುಳುಕದಂಗೆ ನಿಧಾನಕ್ಕೆ ಒಂದೊಂದೇ ಹೆಜ್ಜೆ ಇಟ್ಟು ತರ್ಬೇಕು ಕಣೋ."

"ಮೊದಲೇ ಹೇಳೋದಲ್ವ ಅವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಮುಂದಿನ ಸಲ ಅಂದ್ರೆ ಶೇಷಗಿರಿ ಮೇಷ್ಟ್ರು ಕೆಲಸ ಎಲ್ಲಿಗೆ ಬಂತು ಅಂತ ನೋಡೋಕೆ ಬಂದ ದಿವಸ. ಗೌರಮ್ಮನ ಮನೆಗಿಂತ ಮೊದಲು ತನ್ನ ಮನೆ ಬಾಗಿಲಿಗೇ ಅವರು ಬರ್ಬೇಕು ಅಂತ ಸಣ್ಣತಾಯಿ ಹಟ ಹಿಡಿದ್ಲು. ಕಡುಬು ಬೇಯಿಸಿದ್ಲು, ಕಾಯಿ ತುರಿದು ಚಟ್ನಿ ಅರೆದ್ಲು. ಎರಡೂ ಮನೆಗೆ ಗಾಡಿ ಒಂದೇ, ಒಂದೆತ್ತು ಅವರದು, ಒಂದೆತ್ತು ಇವರದು. ಗೌರಮ್ಮ ಏಳೋದ್ರೊಳಗೆ ಗಾಡಿ ಹೂಡಿಸಿ ಚೆನ್ನಿಗನ್ನ ಬಸ್ಸು ನಿಲ್ಲೋ ಕಡೆಗೆ ಅಟ್ಟಿದ್ಲು.

"ಮೇಷ್ಟ್ರನ್ನ ಜೋಪಾನವಾಗಿ ನಮ್ಮನೆಗೇ ಕರ್ಕೊಂಡು ಬಾ."

ಚೆನ್ನಿಗ ಹೊರಡೋವಾಗ ಕೋಳಿ ಮುಚ್ಚೋ ಕುಕ್ಕೆಯನ್ನೂ ಗಾಡೀಲಿ ಹಾಕ್ಕೊಂಡ. ಮೇಷ್ಟ್ರು ಹತ್ತಿ ಕೂತ್ರು. ಇವನು ಅವರ ಮೇಲೆ ಕುಕ್ಕೆ ಬೋರಲು ಹಾಕಿದ.

"ಏನಪ್ಪ ಇದು?" ಅಂದ್ರು ಮೇಷ್ಟ್ರು ಒಳಗಿಂದ.

"ಮುಚ್ಚಿ ತರ್ಬೇಕು ಸಾಮಿ. ಅವ್ವ ಹೇಳವ್ಳೆ."

ಮೇಷ್ಟ್ರು ಕುಕ್ಕೆ ಎತ್ತಿದ್ರು, ಇವನು ಹಾಕಿದ. ಅವರು ಎತ್ತಿದ್ರು, ಇವನು ಹಾಕಿದ. ಬಿಸಿಲೂ ಇತ್ತು, ಇರ್ಲಿ ಅಂತ ಅವರು ಸುಮ್ಮನಾದ್ರು. ಆಮೇಲೆ ಎತ್ತುಗಳ ಮೂಗುದಾರ ಹಿಡ್ಕೊಂಡು ಚೆನ್ನಿಗ ನಡೆದ ನೋಡಿ. ಒಂದು ಹೆಜ್ಜೆ. ನಿಲ್ಲೋದು. ಮೇಷ್ಟ್ರು ತುಳುಕಲಿಲ್ಲ ತಾನೆ ಅಂತ ತಿರುಗಿ ನೋಡೋದು. ಇನ್ನೊಂದು ಹೆಜ್ಜೆ. ದಾರೀಲಿ ಇರುವೆ ಸಾಲು ಅವರನ್ನ ದಾಟಿ ಮುಂದಕ್ಕೆ ಹೋಯ್ತು.

ಅಷ್ಟೊತ್ತಿಗೆ ರುದ್ರ ಸೈಕಲ್ಲಲ್ಲಿ ಬಂದ. ಕುಕ್ಕೆ ಒಳಗೆ ಮೇಷ್ಟ್ರು ಬೆವರು ಒರೆಸಿಕೊಳ್ತಿದ್ರು. "ಬನ್ನಿ ಸಾರ್, ಹಿಂದೆ ಕೂತ್ಕೊಳಿ" ಅಂದ. ಮೇಷ್ಟ್ರು ಹಾರಿ ಕೂತ್ರು. ಸೀದಾ ಗೌರಮ್ಮನ ಮನೆ. ಅಲ್ಲಿ ಉಪ್ಪಿಟ್ಟಾಯ್ತು, ಕಾಫಿಯಾಯ್ತು, ಗೌರಮ್ಮನ ಹಾಸು ತಡವಿ ನೋಡಿ "ಭೇಷ್" ಅಂದದ್ದೂ ಆಯ್ತು. ಅದೆಲ್ಲ ಗೋಡೆ ಈಚೆ ಸಣ್ಣತಾಯಿ ಕಿವಿಗೆ ಬಿತ್ತು. ಕಡುಬು ಆರಿ ತಣ್ಣಗಾಯ್ತು.

ಆಮೇಲೆ ಮೇಷ್ಟ್ರು ಇವಳ ಅಂಗಳಕ್ಕೂ ಬಂದ್ರು. ಅಂಗೈ ಆಡಿಸಿ, "ನಿಮ್ಮ ಕೈ ಚೆನ್ನಾಗಿದೆ ತಾಯಿ, ಆದ್ರೆ ಇನ್ನೂ ಉಜ್ಜಬೇಕು" ಅಂತ ಹೇಳಿ ಹೊರಟ್ರು. ಅವರು ಹೋಗಿ ಎಷ್ಟೋ ಹೊತ್ತಾದ ಮೇಲೆ ಚೆನ್ನಿಗ ಬಂದ. ಗಾಡೀಲಿ ಬರೀ ಕುಕ್ಕೆ.

"ತುಳುಕಲಿಲ್ಲ ಕಣವ್ವ" ಅಂದ.

"ನನ್ನ ಮರ್ಯಾದೆ ಪೂರ್ತಿ ತುಳುಕಿಸಿಬಿಟ್ಟೆಯಲ್ಲೋ! ಮನೆಗೆ ಬರೋರಿಗೆ ಹಂಗೆ ಮಾಡ್ತಾರ? ಕಾಲಿಗೆ ನೀರು ಕೊಡ್ಬೇಕು, ಒಳ್ಳೇ ಜಾಗದಲ್ಲಿ ಕೂರಿಸ್ಬೇಕು, ಕೈಗೊಂದು ಬಾಳೆಹಣ್ಣು ಕೊಡ್ಬೇಕು, ಇನ್ನೊಂದು ತಗಳಿ ಅನ್ಬೇಕು."

"ಮೊದಲೇ ಹೇಳೋದಲ್ವ ಅವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಸಣ್ಣತಾಯಿ ಹಟಕ್ಕೆ ಬಿದ್ಲು. ಉಜ್ಜಿದ್ಲು, ಉಜ್ಜಿದ್ಲು, ಅಂಗೈ ಚರ್ಮ ಸುಲಿಯೋತನಕ ಉಜ್ಜಿದ್ಲು. ಒಂದು ಸಲ ಕೈ ಎಳೆದಾಗ "ನೀನೇ ಮೊದಲಾ ಗೌರಿ" ಅನ್ನೋಳು, ಇನ್ನೊಂದು ಸಲ ಎಳೆದಾಗ "ನೋಡ್ತೀನಿ ಬಾ" ಅನ್ನೋಳು. ಕೆಲವರು ಕೆಲಸ ಮಾಡೋವಾಗ ಹಾಡು ಹೇಳ್ತಾರೆ, ಇವಳು ಹಿಂಗೆ.

ಒಂದಿನ ಸಂತೆಗೆ ಹೋಗ್ಬೇಕಾಗಿತ್ತು. "ಹಾಸು ನೋಡ್ಕೊಂಡಿರೋ" ಅಂತ ಚೆನ್ನಿಗನ್ನ ಅಂಗಳದಲ್ಲಿ ಕೂರಿಸಿ ಹೋದ್ಲು. ಅವಳು ಅತ್ತ ಹೋದ್ಲು, ಇತ್ತ ಗೌರಮ್ಮನ ಮನೆ ಹೋತ ಅಂಗಳಕ್ಕೆ ಬಂತು. ಗಡ್ಡ ಬಿಟ್ಟ ದೊಡ್ಡ ಹೋತ. ಚೆನ್ನಿಗ ಎದ್ದು ನಿಂತ.

"ಬನ್ನಿ ಬನ್ನಿ" ಅಂದ.

ಸಣ್ಣತಾಯಿ ಸಂತೆಯಿಂದ ಬಂದು ನೋಡ್ತಾಳೆ: ಕನ್ನಡಿ ಹಂಗೆ ಉಜ್ಜಿದ ಹಾಸಿನ ಮೇಲೆ ಹೋತ ಮಲಗಿದೆ. ಗೊರಸು ತೊಳೆದು ಒರೆಸಿದೆ. ಬಾಳೆಹಣ್ಣಿನ ಸಿಪ್ಪೆ ಅರ್ಧ ಗೊನೆಯಷ್ಟು ಬಿದ್ದಿದೆ. ಚೆನ್ನಿಗ ಕೈ ಮುಗಿದು ನಿಂತು, "ಇನ್ನೊಂದು ತಗಳಿ" ಅಂತಾ ಇದ್ದಾನೆ. ಹಾಸಿನ ಮೇಲೆ ಹಿಕ್ಕೆ ಬೇರೆ.

"ಅಯ್ಯಯ್ಯೋ!" ಅಂತ ಅವಳು ಅಂದದ್ದು ನಾಲ್ಕು ಕೇರಿಗೆ ಕೇಳಿಸ್ತು. ಹೋತಾನ ಓಡಿಸಿ, ಹಾಸು ತೊಳೆದು, ಕಾವಿ ಹಾಕಿ ನೋಡಿದ್ಲು. ಪುಣ್ಯ, ಗೀರು ಬಿದ್ದಿರ್ಲಿಲ್ಲ. ಅಲ್ಲೊಂದು ಇಲ್ಲೊಂದು ಚುಕ್ಕೆ ಕೆಂಪು ಇತ್ತು ಅಷ್ಟೆ.

"ಹೋತಕ್ಕೆ ಉಪಚಾರ ಮಾಡೋಕೆ ನಾನು ಹೇಳಿದ್ನ? ನಿನ್ನ ಕೆಲಸ ಒಂದೇ. ದುಂಡಗೆ ಕೆಂಪು ಕಂಡ್ರೆ ಮರಳು ಹಾಕಿ ಉಜ್ಜಿ ತೆಗಿ. ಯಾರು ಏನಂದ್ರೂ ಬಿಡಬೇಡ, ಪೂರಾ ಹೋಗೋತನಕ ಉಜ್ಜು."

"ಮೊದಲೇ ಹೇಳೋದಲ್ವ ಅವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಈ ಮುಂದಿನ ಸಲ ಬಾರದೇ ಇದ್ದಿದ್ರೆ ಚೆನ್ನಾಗಿತ್ತು. ಮಾರನೇ ದಿನ ಶುಕ್ರವಾರ. ಗೌರಮ್ಮ ತಲೆಗೆ ಮಿಂದು, ಹಣೆ ತುಂಬ ದುಂಡಗೆ ಕುಂಕುಮ ಇಟ್ಕೊಂಡು, ಹೋತದ ವಿಚಾರ ಕೇಳಿ ಮಜಾ ತಗಳೋಣ ಅಂತ ಈಚೆ ಅಂಗಳಕ್ಕೆ ಬಂದ್ಲು. "ಏನ್ಲಾ ಚೆನ್ನಿಗ, ನೆಂಟರು ಊಟ ಮಾಡಿ ಹೋದ್ರಾ?" ಅಂತ ಅವನ ಮುಂದೆ ಬಾಗಿದ್ಲು.

ಚೆನ್ನಿಗ ನೋಡಿದ. ದುಂಡಗೆ ಕೆಂಪು. ಒಂದು ಹಿಡಿ ಮರಳು ತಗಂಡ. ಎಡಗೈಲಿ ದೊಡ್ಡವ್ವನ ತಲೆ ಹಿಡ್ಕೊಂಡ, ಬಲಗೈಲಿ ಉಜ್ಜಿದ. ಅವಳು ಕೂಗಿದ್ಲು, ಬಿಡಲಿಲ್ಲ. ಒದ್ದಳು, ಬಿಡಲಿಲ್ಲ. ಯಾರು ಏನಂದ್ರೂ ಬಿಡಬೇಡ ಅಂತ ಅಪ್ಪಣೆಯಾಗಿತ್ತಲ್ಲ. ಪೂರಾ ಹೋದಮೇಲೆ ಬಿಟ್ಟ.

ಮುತ್ತೈದೆ ಹಣೆ ಕುಂಕುಮ, ಅದೂ ಶುಕ್ರವಾರ, ಅದೂ ಗಂಡ ಬಾಗಿಲಲ್ಲಿ ನಿಂತು ನೋಡ್ತಿರೋವಾಗ. ಊರು ಸೇರಿತು. ಗೌರಮ್ಮ ಮರಳು ಮೆತ್ತಿದ ಹಣೆ ತೋರಿಸಿ ಗೋಳೋ ಅಂತ ಅತ್ತಳು. "ಅವಳೇ ಹೇಳಿಕೊಟ್ಟು ಮಾಡಿಸಿದ್ದು. ನಾನು ಮುತ್ತೈದೆಯಾಗಿರೋದು ಅವಳ ಕಣ್ಣಿಗೆ ಚುಚ್ಚುತ್ತೆ. ಹೊಟ್ಟೆಕಿಚ್ಚಿನೋಳು."

ಸಣ್ಣತಾಯಿ ಎಲ್ಲರ ಮುಂದೆ ವಾರಗಿತ್ತಿ ಕಾಲು ಹಿಡಿದ್ಲು. "ತಪ್ಪಾಯ್ತು ಅಕ್ಕ. ಭಾವ ನೂರ್ಕಾಲ ಬಾಳ್ಲಿ. ನನ್ನ ಮಗ ಪೆದ್ದ, ನಿನಗೆ ಗೊತ್ತಿಲ್ವ?" ಬೇಡಿದ್ದು ಮನಸಾರೆನೇ. ಭಾವ ಸಾಯ್ಲಿ ಅಂತ ಅವಳು ಯಾವತ್ತೂ ಅಂದ್ಕೊಂಡೋಳಲ್ಲ. ಆದ್ರೆ ಆ ಕುಂಕುಮ ಅವಳಿಗೆ ಚುಚ್ತಿದ್ದದ್ದು ಹೌದು. ಗೌರಮ್ಮ ಹೇಳಿದ್ದು ನಿಜ, ಅದಕ್ಕೇ ಅವಳು ತಲೆ ಎತ್ತಲಿಲ್ಲ.

ಆ ಸಂಜೆ ಮಗನ ಮುಂದೆ ಕೂತ್ಕೊಂಡು ಸಣ್ಣತಾಯಿ ಕೊನೇ ಬುದ್ಧಿ ಹೇಳಿದ್ಲು.

"ಕೇಳು ಮಗನೆ. ಇನ್ಮೇಲೆ ನಾನು ಹಿಂದೆ ಹೇಳಿದ್ದೆಲ್ಲ ಮರೆತುಬಿಡು. ಆ ಗೌರಿ ಮಗ ರುದ್ರ ಇದ್ದಾನಲ್ಲ, ಅವನನ್ನ ನೋಡು. ಅವನು ಕೂತ್ರೆ ಕೂತ್ಕೊ, ಎದ್ರೆ ಏಳು. ಅವನು ಏನು ಮಾಡಿದ್ರೆ ನೀನೂ ಅದನ್ನೇ ಮಾಡು. ಒಂದು ಕೂದಲೆಳೆ ಹೆಚ್ಚಬಾರದು, ಒಂದು ಕೂದಲೆಳೆ ಕಮ್ಮಿ ಆಗಬಾರದು. ಅವನಂಗೆ ಇದ್ದಿದ್ರೆ ನನಗೆ ಈ ಗತಿ ಬರ್ತಿತ್ತ?"

"ಮೊದಲೇ ಹೇಳೋದಲ್ವ ಅವ್ವ" ಅಂದ ಚೆನ್ನಿಗ.

ಈ ಸಲ ಮಾತ್ರ ಅವನು ಮುಂದಿನ ಸಲಕ್ಕೆ ಕಾಯಲಿಲ್ಲ. ಅವತ್ತಿಂದಲೇ ರುದ್ರನ ನೆರಳಾದ. ರುದ್ರ ಸೀನಿದ್ರೆ ಸೀನಿದ. ರುದ್ರ ಬೆನ್ನು ಕೆರ್ಕೊಂಡ್ರೆ ಕೆರ್ಕೊಂಡ. ತಪ್ಪೇ ಇಲ್ಲ, ಬೈಗುಳವೇ ಇಲ್ಲ. ಸಣ್ಣತಾಯಿಗೆ ಎಷ್ಟೋ ವರ್ಷದ ಮೇಲೆ ನಿದ್ದೆ ಬಂತು.

ಹಾಸು ಎರಡೂ ಮುಗಿದ್ವು. ಶೇಷಗಿರಿ ಮೇಷ್ಟ್ರು ಬಂದ್ರು. ಎರಡಕ್ಕೂ ರಸಮಟ್ಟ ಇಟ್ರು, ಕಾವಿ ಹಾಕಿ ನೋಡಿದ್ರು. ಗೌರಮ್ಮನ ಹಾಸಿನ ಒಂದು ಮೂಲೆ ಕೆಂಪು ಹಿಡೀಲಿಲ್ಲ. ಸಣ್ಣತಾಯಿ ಹಾಸು ಈ ಅಂಚಿಂದ ಆ ಅಂಚಿನತನಕ ಒಂದೇ ಸಮ ಕೆಂಪು.

"ಇಂಥ ಹಾಸು ನಾನು ನೋಡೇ ಇಲ್ಲ. ತಕ್ಕಡಿ ಇದರ ಮೇಲೇ. ಅದು ಕಿಟಕಿ ಹತ್ರ ಇರ್ಲಿ" ಅಂದ್ರು ಮೇಷ್ಟ್ರು.

ಸಣ್ಣತಾಯಿ ಮೇಷ್ಟ್ರಿಗೆ ಕೈ ಮುಗಿದ್ಲು. ಗೌರಮ್ಮನ ಮುಖ ನೋಡಿದ್ಲು. ಆ ಮುಖ ಸಣ್ಣಗಾಗಿತ್ತು. ಅದನ್ನ ನೋಡಿ ಇವಳಿಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಯ್ತು. ಅವತ್ತು ಗೋಡೆ ಆಚೆ ಯಾರೂ ಕೆಮ್ಮಲಿಲ್ಲ. ಇವಳೇ ಒಂದೆರಡು ಸಲ ಕೆಮ್ಮಿದ್ಲು.

ಮಾರನೇ ದಿನ ರುದ್ರನೂ ಚೆನ್ನಿಗನೂ ಗಾಡೀಲಿ ಹಾಸು ಹೇರ್ಕೊಂಡು ಪ್ಯಾಟೆಗೆ ಹೋದ್ರು. ಕಾಲೇಜಿನ ಬೇವಿನ ಮರದ ಕೆಳಗೆ ಇಳಿಸಿದ್ರು. ಹೆಸರು ಕೊರೆಯೋದೊಂದು ಬಾಕಿ. ರುದ್ರ ಪಂಚೆ ಎತ್ತಿ ಕಟ್ಟಿದ, ಚೆನ್ನಿಗ ಎತ್ತಿ ಕಟ್ಟಿದ. ರುದ್ರ ತನ್ನ ಹಾಸಿನ ಮುಂದೆ ಕುಕ್ಕರುಗಾಲಲ್ಲಿ ಕೂತ, ಚೆನ್ನಿಗ ತನ್ನ ಹಾಸಿನ ಮುಂದೆ ಕೂತ. ರುದ್ರ ಉಳಿ ಇಟ್ಟು ಒಂದು ಗೀಟು ಕೊರೆದ, ಚೆನ್ನಿಗನೂ ಒಂದು ಗೀಟು ಕೊರೆದ. ಅವನೊಂದು ಸೊನ್ನೆ ತಿರುವಿದ, ಇವನೂ ತಿರುವಿದ. ಓದೋಕೆ ಬಾರದೋನಿಗೆ ಅಕ್ಷರ ಆದ್ರೇನು, ರಂಗೋಲಿ ಆದ್ರೇನು.

ರುದ್ರ ತಿರುಗಿ ನೋಡಿದ. ಚೆನ್ನಿಗ ಏನು ಕೊರೀತಿದ್ದಾನೆ ಅಂತ ಅವನಿಗೆ ಗೊತ್ತಾಯ್ತು. ತಮ್ಮ ಹಾಸು ಕಿಟಕಿ ಹತ್ರ ಬಿತ್ತಲ್ಲ ಅಂತ ಅವನ ಹೊಟ್ಟೇಲೂ ಕಿಚ್ಚಿತ್ತು. ಬಾಯಿ ತೆರೆದ, ಮತ್ತೆ ಮುಚ್ಚಿದ, ತನ್ನ ಪಾಡಿಗೆ ಉಳಿ ಹೊಡೆದ. ಚೆನ್ನಿಗನೂ ಬಾಯಿ ತೆರೆದು, ಮುಚ್ಚಿ, ಉಳಿ ಹೊಡೆದ.

ಹಾಸು ಕಂಬದ ಮೇಲೆ ಕೂತ್ವು, ತಕ್ಕಡಿ ಹಾಸಿನ ಮೇಲೆ ಕೂತಿತು. ಮೇಷ್ಟ್ರು ಎರಡೂ ಮನೆಯೋರಿಗೆ ಬಂದು ನೋಡಿ ಅಂತ ಹೇಳಿ ಕಳಿಸಿದ್ರು. ಸಣ್ಣತಾಯಿ ಮಡಿಸಿಟ್ಟಿದ್ದ ಸೀರೆ ಬಿಚ್ಚಿ ಉಟ್ಲು, ಮಗನ್ನೂ ಹೊರಡಿಸಿದ್ಲು. ಗೌರಮ್ಮ ಬೇಡ ಅಂದ್ರೂ "ಬಾ ಅಕ್ಕ, ನೀನಿಲ್ದೆ ಹೆಂಗೆ" ಅಂತ ಕೈ ಹಿಡಿದು ಎಳ್ಕೊಂಡು ಹೋದ್ಲು. ಅವಳು ನೋಡದೇ ಇದ್ರೆ ಇವಳು ಗೆದ್ದು ಏನು ಬಂತು?

ಪ್ರಯೋಗಶಾಲೆ ತಣ್ಣಗಿತ್ತು. ಗಾಜಿನ ಪೆಟ್ಟಿಗೆ ಕೆಳಗೆ ಕರ್ರಗೆ ಹೊಳೀತಾ ತನ್ನ ಹಾಸು. ಅಂಚಲ್ಲಿ ಅಕ್ಷರ. ಸಣ್ಣತಾಯಿಗೆ ಓದು ಬಾರದು. ಒಂದೊಂದೇ ಅಕ್ಷರ ಬೆರಳಲ್ಲಿ ತಡವಿದ್ಲು. ಕಿಟಕಿ ಹತ್ರ ಹೋಗಿ ಗೌರಮ್ಮನ ಹಾಸಿನ ಅಕ್ಷರ ನೋಡಿದ್ಲು, ಗೇಣು ಹಾಕಿ ಅಳೆದ್ಲು, ವಾಪಸ್ ಬಂದ್ಲು.

"ನನ್ನ ಹೆಸರೇ ಒಂದು ಚೂರು ದಪ್ಪ ಬಂದಿದೆ ಅಕ್ಕ" ಅಂದ್ಲು.

ಗೌರಮ್ಮ ಮುಖ ಆ ಕಡೆ ತಿರುಗಿಸಿದ್ಲು. ಅಷ್ಟಕ್ಕೆ ಬಿಟ್ಟಿದ್ರೆ ಆಗ್ತಿತ್ತು. ಬಿಡಬೇಕಲ್ಲ? ಅಲ್ಲಿ ಅಟೆಂಡರ್ ಜಬ್ಬಾರ್ ಸಾಬರು ಗಾಜು ಒರೆಸ್ತಾ ಇದ್ರು. ಸಣ್ಣತಾಯಿ ಅವರನ್ನ ಕರೆದ್ಲು.

"ಅಣ್ಣ, ಇದನ್ನ ಒಂದು ಸಲ ಓದಿ. ಗಟ್ಟಿಯಾಗಿ ಓದಿ, ನಮ್ಮಕ್ಕನಿಗೂ ಕೇಳಿಸ್ಲಿ."

ಸಾಬರು ಬಗ್ಗಿ ಓದಿದ್ರು. "ಗೌರಮ್ಮ."

"ಅದಲ್ಲಣ್ಣ, ಅದು ಕಿಟಕಿ ಹತ್ರದ್ದು. ಇದು, ಈ ತಕ್ಕಡಿ ಕೆಳಗಿಂದು."

"ಅದನ್ನೇ ಓದಿದ್ದು ತಾಯಿ. ಇಲ್ಲೂ ಗೌರಮ್ಮ, ಅಲ್ಲೂ ಗೌರಮ್ಮ."

ಗೌರಮ್ಮ ಮೆಲ್ಲಗೆ ಈ ಕಡೆ ತಿರುಗಿದ್ಲು. ಸಣ್ಣತಾಯಿ ಮಗನ ಕಡೆ ತಿರುಗಿದ್ಲು.

"ರುದ್ರ ಮಾಡಿದಂಗೇ ಮಾಡಿದೆ ಕಣವ್ವ" ಅಂದ ಚೆನ್ನಿಗ, ಮುಖ ಅರಳಿಸಿಕೊಂಡು. "ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ."

ಗೌರಮ್ಮನಿಗೆ ನಗು ತಡೀಲಿಲ್ಲ. ಸೆರಗೂ ಅಡ್ಡ ಹಿಡೀಲಿಲ್ಲ, ಕೆಮ್ಮೂ ಇಲ್ಲ, ಸ್ಟೂಲಿನ ಮೇಲೆ ಕೂತು ನಕ್ಕಳು. "ಅಳಿಸಿ ಸಾಮಿ, ಅಳಿಸಿ ಕೊಡಿ" ಅಂತ ಸಣ್ಣತಾಯಿ ಮೇಷ್ಟ್ರ ಹತ್ರ ಅಂಗಲಾಚಿದ್ಲು. ಮೇಷ್ಟ್ರು ಪಾಪ ಕನ್ನಡಕ ತೆಗೆದು ಕೈಲಿ ಹಿಡ್ಕೊಂಡ್ರು. "ತಕ್ಕಡಿ ಕೂರಿಸಿ ಆಗಿದೆಯಮ್ಮ. ಈಗ ಉಳಿ ಇಟ್ರೆ ಎಲ್ಲಾ ಅದುರುತ್ತೆ. ಇನ್ನು ಅದನ್ನ ಯಾರೂ ಮುಟ್ಟೋಹಾಗಿಲ್ಲ" ಅಂದ್ರು. ಅಷ್ಟು ಗಟ್ಟಿಯಾಗಿ, ಅಷ್ಟು ಸಪಾಟಾಗಿ ಮಾಡಿದ್ದು ತಾನೇ. ಯಾರನ್ನ ಬೈಯೋದು?

ಮಗನ್ನ ಬೈದ್ಲು. ಕಣ್ಣಲ್ಲಿ ನೀರು ಸುರೀತಿತ್ತು. "ಅವಳ ಹೆಸರೇ ಕೊರೆದೆಯಲ್ಲ, ಅವಳಿಗೇ ಮಗನಾಗಿ ಹೋಗು. ನನ್ನ ಮನೆಗೆ ಬರಬೇಡ."

"ಮೊದಲೇ ಹೇಳೋದಲ್ವ" ಅಂದ ಚೆನ್ನಿಗ. ಹೋಗಿ ಗೌರಮ್ಮನ ಪಕ್ಕ ನಿಂತ. "ಅವ್ವ, ಹೊಟ್ಟೆ ಹಸೀತದೆ. ಮನೆಗೆ ಹೋಗಣ?" ಅಂದ.

ಹೋದ. ಗಾಡೀಲಿ ಅವಳ ಪಕ್ಕ ಕೂತ, ಅವಳ ಬಾಗಿಲಲ್ಲಿ ಇಳಿದ, ಅವಳ ಮನೆ ಒಳಗೆ ಹೋದ. ಸಣ್ಣತಾಯಿ ತನ್ನ ಮನೇಲಿ ಒಲೆ ಹಚ್ಚದೆ ಗೋಡೆಗೆ ಕಿವಿ ಕೊಟ್ಟು ಕೂತ್ಲು. ಆಚೆ ಮುದ್ದೆ ತಿರುವೋ ಸದ್ದು. ಆಚೆ ಅವಳ ಮಗನ ದನಿ. "ಅವ್ವ, ಸಾರು ಹಾಕು. ಅವ್ವ, ಈ ತಟ್ಟೇಲೇ ಉಣ್ಲ? ಅವ್ವ, ರುದ್ರನಿಗೆ ಮೊದಲಾ ನನಗೆ ಮೊದಲಾ?" ಅವ್ವ ಅವ್ವ ಅವ್ವ, ಒಂದೊಂದು ಸಲವೂ ಬೇರೆಯವಳಿಗೆ. ಹೆಸರು ಹೋದಾಗ ಉರಿದದ್ದು ಏನೂ ಅಲ್ಲ, ಇದರ ಮುಂದೆ. ಇಷ್ಟು ದಿನ ರುದ್ರ ನನ್ನ ಮಗ ಆಗಬಾರದಿತ್ತಾ ಅಂತ ಕೊರಗಿದೋಳು, ಈಗ ಈ ಪೆದ್ದ ಅವಳ ಪಾಲಾದನಲ್ಲ ಅಂತ ಸೆರಗು ಕಚ್ಚಿದ್ಲು.

"ಅಯ್ಯ, ಬಾಯಿ ಮುಚ್ಕೊಂಡು ಉಣ್ಣೋ" ಅಂದ್ಲು ಗೌರಮ್ಮ.

ಆಚೆ ಸದ್ದೇ ಇಲ್ಲ. ಆಮೇಲೆ ಮುದ್ದೆ ತುತ್ತು ನೆಲಕ್ಕೆ ಬಿದ್ದ ಸದ್ದು. ಮತ್ತೊಂದು ತುತ್ತು ಬಿದ್ದ ಸದ್ದು. ಚೆನ್ನಿಗ ತುಟಿ ಬಿಗಿಯಾಗಿ ಮುಚ್ಕೊಂಡು, ತುತ್ತನ್ನ ತುಟಿಗೆ ಒತ್ತಿ ಒತ್ತಿ ನೋಡ್ತಿದ್ದ. ಗದ್ದದ ಮೇಲೆಲ್ಲ ಸಾರು.

"ಥೂ, ಎಂಥ ಪೆದ್ದು ಮುಂಡೇದೋ ನೀನು" ಅಂತ ಗೌರಮ್ಮ ಕಿರುಚಿದ್ಲು.

ಸಣ್ಣತಾಯಿ ಎದ್ದ ರಭಸಕ್ಕೆ ಕೂತಿದ್ದ ಮಣೆ ಉರುಳಿತು. ಹೊಸಿಲು ದಾಟಿ, ಅಂಗಳ ದಾಟಿ, ಗೌರಮ್ಮನ ಅಡುಗೆಮನೆ ಬಾಗಿಲಲ್ಲಿ ನಿಂತ್ಲು.

"ಕಲ್ಲೂ ನಿನ್ನ ಹೆಸರಿಗಾಯ್ತು, ಅದು ಹೋಗ್ಲಿ. ನನ್ನ ಮಗನ್ನ ಬೈಯೋದನ್ನೂ ನೀನೇ ತಗತೀಯೇನೇ? ಅವನನ್ನ ಪೆದ್ದ ಅನ್ನೋಕೆ ನಾನಿದ್ದೀನಿ."

ಅಂದು ಮಗನ ರಟ್ಟೆ ಹಿಡಿದು ಮನೆಗೆ ಎಳ್ಕೊಂಡು ಬಂದ್ಲು. ಒಲೆ ಹಚ್ಚಿದ್ಲು, ಮುದ್ದೆ ತಿರುವಿದ್ಲು, ಮುಂದೆ ಕೂತು ಸುಲಿದ ಅಂಗೈಲೇ ತುತ್ತು ಮಾಡಿದ್ಲು.

"ಬಾಯಿ ತೆಗಿ ನನ್ನಪ್ಪ."

ತೆಗೆದ. ತುತ್ತು ಇಟ್ಲು. ಅಳ್ತಾ ಇದ್ಲಲ್ಲ, ಮುಚ್ಚು ಅಂತ ಹೇಳೋದು ಮರೆತುಬಿಟ್ಲು. ಚೆನ್ನಿಗ ತುತ್ತು ತುಂಬಿದ ಬಾಯಿ ತೆಗೆದುಕೊಂಡು ಅವ್ವನ್ನೇ ನೋಡ್ತಾ ಕೂತಿದ್ದ. ಕೂತೇ ಇದ್ದಾನೆ. ಯಾರಾದ್ರೂ ಹೆಬ್ಬಂಡೆಪುರಕ್ಕೆ ಹೋದ್ರೆ ಅವಳಿಗೊಂದು ಮಾತು ಹೇಳಿಬನ್ನಿ, ನನಗೆ ಎಲೆ ಮುಗೀತು.